ಬಿಯರಿಗೆ ಡೆಟ್ಟಾಲ್ ವಾಸನೆ: ತಪ್ಪು ಬ್ಲೀಚಿನದೇ?

ಪ್ರಶ್ನೆ: ಕೆಲಸದ ಮೇಲೆ ಅಮೆರಿಕಕ್ಕೆ ಬಂದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರು ಬಹಳ. ಅವರನ್ನು ನೋಡಿ ನಾನೂ ಶುರು ಮಾಡಿದೆ. ಪಾತ್ರೆ, ಕೊಳವೆ, ಬಾಟಲಿಗಳನ್ನೆಲ್ಲ ಬಟ್ಟೆಗೆ ಹಾಕುವ ಬ್ಲೀಚಿನ ನೀರಿನಲ್ಲಿ ಅದ್ದಿ, ನಲ್ಲಿ ನೀರಿನಲ್ಲಿ ತೊಳೆದು ಬಳಸುತ್ತೇನೆ. ಈಚೆಗೆ ಮಾಡಿದ ಬಿಯರಿಗೆ ಆಸ್ಪತ್ರೆಯ ವಾಸನೆ, ಹೆಚ್ಚುಕಡಿಮೆ ಡೆಟ್ಟಾಲಿನದೇ. ಬ್ಲೀಚನ್ನು ಬಿಟ್ಟೇಬಿಡಬೇಕೆ? ಈ ಬಿಯರ್ ಕುಡಿದರೆ ಅಪಾಯವೇ?

— ಓದುಗರೊಬ್ಬರು, ಪೋರ್ಟ್‌ಲ್ಯಾಂಡ್

ಉತ್ತರ: ಬ್ಲೀಚಿನಿಂದ ಪಾತ್ರೆಗಳನ್ನು ಸ್ಯಾನಿಟೈಸ್ ಮಾಡಬಹುದು. ಮನೆಯಲ್ಲಿ ಬಿಯರ್ ಮಾಡುವವರು ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡಿದ್ದರು. ನೀವು ಹೇಳುವ ವಾಸನೆಗೆ ಕ್ಲೋರಿನ್ ಕಾರಣವಿರುವ ಸಂಭವವೇ ಹೆಚ್ಚು. ಆದರೆ ಆ ಕ್ಲೋರಿನ್ ಬ್ಲೀಚ್ ಡಬ್ಬಿಯಿಂದಲೇ ಬಂತೆಂದು ತೀರ್ಮಾನಿಸುವ ಮೊದಲು ನಿಮ್ಮ ಅಡುಗೆಮನೆಯ ನಲ್ಲಿಯನ್ನೂ ವಿಚಾರಿಸಬೇಕು. ನನ್ನ ಅನುಮಾನ ಹೆಚ್ಚಾಗಿ ಅದರ ಮೇಲೇ.

ಮೊದಲು ವಾಸನೆಯ ಮಾತು. ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ. ಡೆಟ್ಟಾಲಿನಲ್ಲಿ ಕೆಲಸ ಮಾಡುವ ವಸ್ತು ಕ್ಲೋರೊಕ್ಸೈಲಿನಾಲ್. ಅದು ಕ್ಲೋರೊಫೀನಾಲ್ ಎಂಬ ಬಳಗಕ್ಕೆ ಸೇರಿದ್ದು. ಅಂದರೆ ಫೀನಾಲ್ ಜಾತಿಯ ವಸ್ತುವಿಗೆ ಕ್ಲೋರಿನ್ ಅಂಟಿಕೊಂಡು ಆದದ್ದು. ಬಿಯರಿನಲ್ಲಿ ಫೀನಾಲ್‌ಗಳಿಗೆ ಬರವಿಲ್ಲ. ಬಾರ್ಲಿ ಮಾಲ್ಟಿನ ಹೊಟ್ಟಿನಿಂದ ಅವು ಬರುತ್ತವೆ, ಹಾಪ್ಸ್ ಹೂವಿನಿಂದ ಬರುತ್ತವೆ, ಯೀಸ್ಟ್ ಕೂಡ ತನ್ನ ಪಾಲು ಸೇರಿಸುತ್ತದೆ. ಅಲ್ಲಿಗೆ ಚೂರು ಕ್ಲೋರಿನ್ ಬಂದರೆ ಸಾಕು, ಡೆಟ್ಟಾಲಿನ ದಾಯಾದಿಗಳು ಬಿಯರಿನೊಳಗೇ ಹುಟ್ಟಿಕೊಳ್ಳುತ್ತವೆ. ಇವುಗಳಲ್ಲಿ ಕೆಲವನ್ನು ನಾಲಿಗೆ, ಮೂಗು ಪತ್ತೆ ಹಚ್ಚಲು ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಇದ್ದರೂ ಸಾಕು. ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಭಾಗ.

ಪ್ರಮಾಣ ಇಷ್ಟು ಸಣ್ಣದಾದ್ದರಿಂದ, ವಾಸನೆ ಬಂದ ಮಾತ್ರಕ್ಕೆ ನೀವು ಬ್ಲೀಚ್ ಕುಡಿದಿರಿ ಎಂದು ಗಾಬರಿಯಾಗಬೇಕಿಲ್ಲ. ಇದು ರುಚಿ ಕೆಟ್ಟ ಕಥೆ. ಆದರೆ ಕೆಲವು ವಾರ ಇಟ್ಟರೆ ಸರಿಹೋದೀತು ಎಂದು ಕಾಯುವುದೂ ವ್ಯರ್ಥ. ಬಿಯರಿನ ಹಲವು ಎಳಸು ವಾಸನೆಗಳು ದಿನ ಕಳೆದಂತೆ ಹೋಗುತ್ತವೆ, ಕ್ಲೋರೊಫೀನಾಲ್ ಹೋಗುವುದಿಲ್ಲ. ಆ ಬಿಯರನ್ನು ಚೆಲ್ಲಿಬಿಡಿ.

ಇನ್ನು ಲೆಕ್ಕ ಹಾಕಿ ನೋಡೋಣ. ಮನೆ ಬಿಯರಿನ ವಾಡಿಕೆಯ ಅಳತೆ 5 ಗ್ಯಾಲನ್, ಎಂದರೆ 19 ಲೀಟರ್. ಸ್ಯಾನಿಟೈಸ್ ಮಾಡಲು ಕಲಸುವ ಬ್ಲೀಚ್ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ ಎಂದುಕೊಳ್ಳಿ. ಪಾತ್ರೆ ಬಗ್ಗಿಸಿ ಚೆಲ್ಲಿದ ಮೇಲೆ ತಳದಲ್ಲಿ ಒಂದು ಟೀ ಚಮಚದಷ್ಟು, 5 ಮಿಲಿಲೀಟರ್, ಉಳಿಯಿತು. ಅದರಲ್ಲಿರುವುದು 1 ಮಿಲಿಗ್ರಾಂ ಕ್ಲೋರಿನ್. 19 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 50 ಮೈಕ್ರೊಗ್ರಾಂ. ಇದೆಲ್ಲವೂ ಫೀನಾಲಿಗೇ ಹೋಗಿ ಸೇರುವುದಿಲ್ಲ, ಬೇರೆ ವಸ್ತುಗಳೂ ಕ್ಲೋರಿನ್ನನ್ನು ಕಬಳಿಸುತ್ತವೆ. ಆದರೂ ಕೆಲವೇ ಮೈಕ್ರೊಗ್ರಾಮಿಗೆ ಮೂಗು ಎಚ್ಚರವಾಗುವ ಕಡೆ 50 ದೊಡ್ಡ ಸಂಖ್ಯೆ. ಹಾಗಾಗಿ ತೊಳೆಯದೆ ಬಿಟ್ಟ ಒಂದು ಚಮಚ ಬ್ಲೀಚ್ ನೀರೂ ಇಡೀ ಪಾತ್ರೆಯ ಬಿಯರ್ ಕೆಡಿಸಬಲ್ಲದು.

ಆದರೆ ನೀವು ತೊಳೆದಿದ್ದೀರಿ. ಈಗ ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂವರೆಗೆ ಕ್ಲೋರಿನ್ ಉಳಿದಿರಲು ನಿಯಮ ಒಪ್ಪುತ್ತದೆ. ನಿಮ್ಮ ನಲ್ಲಿಯಲ್ಲಿ ಅದರ ಅರ್ಧ, 2 ಮಿಲಿಗ್ರಾಂ, ಇದೆ ಎಂದಿಟ್ಟುಕೊಂಡರೂ 19 ಲೀಟರ್ ನೀರಿನಲ್ಲಿ 38 ಮಿಲಿಗ್ರಾಂ ಆಯಿತು. ಚಮಚದಲ್ಲಿ ಉಳಿದಿದ್ದಕ್ಕಿಂತ 38 ಪಟ್ಟು ಹೆಚ್ಚು! ಪಾತ್ರೆ ತೊಳೆಯುವಾಗ ಅಷ್ಟು ಜಾಗರೂಕರಾಗಿದ್ದು, ಬಿಯರಿಗೆಂದೇ ಹಿಡಿದ ನೀರನ್ನು ಹಾಗೇ ಒಲೆಯ ಮೇಲಿಟ್ಟರೆ ಏನು ಪ್ರಯೋಜನ?

‘ಕುದಿಸುತ್ತೇನಲ್ಲ, ಕ್ಲೋರಿನ್ ಹಾರಿಹೋಗುವುದಿಲ್ಲವೇ’ ಎಂದು ನೀವು ಕೇಳಬಹುದು. ಬರೀ ಕ್ಲೋರಿನ್ ಆದರೆ ಹಾರಿಹೋಗುತ್ತದೆ. ಆದರೆ ಪೋರ್ಟ್‌ಲ್ಯಾಂಡಿನ ನೀರು ಸರಬರಾಜಿನವರು ಕ್ಲೋರಿನ್ ಜೊತೆಗೆ ಅಮೋನಿಯವನ್ನೂ ಸೇರಿಸಿ ಕ್ಲೋರಮೈನ್ ಆಗುವಂತೆ ಮಾಡುತ್ತಾರೆ. ಉದ್ದುದ್ದ ಕೊಳವೆಗಳಲ್ಲಿ ಹರಿದು ಮನೆ ಮುಟ್ಟುವವರೆಗೂ ನಂಜು ತಡೆಯುವ ಶಕ್ತಿ ಉಳಿಯಲಿ ಎಂಬುದು ಉದ್ದೇಶ. ಅದೇ ಗುಣ ಬಿಯರ್ ಮಾಡುವವರಿಗೆ ಕಾಟ. ಕ್ಲೋರಮೈನ್ ರಾತ್ರಿಯಿಡೀ ತೆರೆದಿಟ್ಟರೂ ಪೂರ್ತಿ ಹೋಗದು, ಕುದಿಸಿದರೂ ಸುಲಭಕ್ಕೆ ಜಗ್ಗದು. ಮೇಲಾಗಿ ಮಾಲ್ಟಿನ ನುಚ್ಚನ್ನು ಬಿಸಿನೀರಿನಲ್ಲಿ ನೆನೆಹಾಕುವಾಗಲೇ ಹೊಟ್ಟಿನ ಫೀನಾಲೂ ನೀರಿನ ಕ್ಲೋರಿನ್ನೂ ಮುಖಾಮುಖಿಯಾಗಿರುತ್ತವೆ. ಕುದಿಸುವ ಹಂತ ಬರುವುದು ಆಮೇಲೆ. ಬುಲ್ ರನ್ ಕಣಿವೆಯಿಂದ ಬರುವ ನಿಮ್ಮೂರಿನ ನೀರು ಮೆದು ನೀರೆಂದು ಬಿಯರಿನವರಲ್ಲಿ ಹೆಸರಾದದ್ದು. ಅದರ ಕ್ಲೋರಮೈನ್ ಒಂದನ್ನು ಕಳೆದರೆ ಅದಕ್ಕಿಂತ ಒಳ್ಳೆಯ ನೀರು ಹುಡುಕಿಕೊಂಡು ಹೋಗಬೇಕಿಲ್ಲ.

ಕಳೆಯುವ ದಾರಿಯೂ ಅಗ್ಗದ್ದು. ವೈನ್, ಬಿಯರ್ ಸಾಮಾನಿನ ಅಂಗಡಿಯಲ್ಲಿ ಕ್ಯಾಂಪ್ಡನ್ ಮಾತ್ರೆ ಸಿಗುತ್ತದೆ. ಅದು ಪೊಟ್ಯಾಸಿಯಂ ಅಥವಾ ಸೋಡಿಯಂ ಮೆಟಾಬೈಸಲ್ಫೈಟ್. ಒಂದು ಮಾತ್ರೆ ಸುಮಾರು 75 ಲೀಟರಿಗೆ ಸಾಲುತ್ತದೆ. 19 ಲೀಟರಿಗೆ ಕಾಲು ಮಾತ್ರೆ. ಪುಡಿಮಾಡಿ ತಣ್ಣೀರಿಗೆ ಹಾಕಿ ಕಲಕಿ. ಕೆಲವೇ ನಿಮಿಷಗಳಲ್ಲಿ ಕ್ಲೋರಿನ್, ಕ್ಲೋರಮೈನ್ ಎರಡೂ ನಿರುಪದ್ರವಿ ಲವಣಗಳಾಗಿ ಬದಲಾಗುತ್ತವೆ.

ಹಾಗಾದರೆ ನಿಮ್ಮ ಮನೆಯ ತಪ್ಪಿತಸ್ಥ ಯಾರು? ಬಾಟಲಿಗಳೇ ಸಾಕ್ಷಿ ಹೇಳುತ್ತವೆ. ಎಲ್ಲ ಬಾಟಲಿಗಳಲ್ಲೂ ವಾಸನೆ ಒಂದೇ ಸಮ ಇದ್ದರೆ ತಪ್ಪು ನೀರಿನದು ಅಥವಾ ಹುದುಗು ಬರಿಸಿದ ದೊಡ್ಡ ಪಾತ್ರೆಯದು. ಒಂದೊಂದು ಬಾಟಲಿ ಚೆನ್ನಾಗಿದ್ದು ಒಂದೊಂದರಲ್ಲಿ ಮಾತ್ರ ಘಾಟಿದ್ದರೆ ಬಾಟಲಿ ತೊಳೆದದ್ದು ಸಾಲದು. ವಾರಗಳು ಕಳೆದಂತೆ ವಾಸನೆ ಏರುತ್ತಾ, ಬಿರಡೆ ತೆಗೆದಾಗ ನೊರೆ ಉಕ್ಕಿ ಚೆಲ್ಲುವಂತಾದರೆ ಕ್ಲೋರಿನ್ನಿನ ಮೇಲಿನ ಆಪಾದನೆ ಕೈಬಿಡಿ. ಕಾಡು ಯೀಸ್ಟ್ ಹೊಕ್ಕಿರಬಹುದು. ಬ್ರೆಟ್ಟನೊಮೈಸಿಸ್‌ನಂಥ ಯೀಸ್ಟುಗಳೂ ಗಾಯಕ್ಕೆ ಅಂಟಿಸುವ ಔಷಧಿ ಪಟ್ಟಿಯ ವಾಸನೆ ತರಬಲ್ಲವು. ಆಗ ನಿಮ್ಮ ಸ್ಯಾನಿಟೈಸಿಂಗ್ ಹೆಚ್ಚಾದದ್ದಲ್ಲ, ಕಡಿಮೆಯಾದದ್ದು.

ಬಟ್ಟೆಯ ಬ್ಲೀಚು ಬಿಯರಿನವರ ಕೈಗೆ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ಫ್ರಾನ್ಸಿನ ಬರ್ತೊಲೆ 1780ರ ದಶಕದಲ್ಲಿ ಕ್ಲೋರಿನ್ನಿನಿಂದ ಬಟ್ಟೆ ಬಿಳುಪಾಗಿಸುವ ದಾರಿ ತೋರಿಸಿದ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದು ಬಾಣಂತಿ ಜ್ವರದ ಸಾವುಗಳನ್ನು ಇಳಿಸಿದ. ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿಯವರು ಬಾವಿಗೆ, ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ ವಂಶದ್ದು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಮುಗಿದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶವಾಯಿತು, ಬಿಯರಿಗೆ ಆಗಲಿಲ್ಲ. ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯ್ದೆಯಿಂದ ವಯಸ್ಕರೊಬ್ಬರು ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್‌ವರೆಗೆ ತಮ್ಮ ಬಳಕೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದೆಂದಾಯಿತು. ಆ ಶುರುವಿನ ವರ್ಷಗಳಲ್ಲಿ ಹವ್ಯಾಸಿಗಳಿಗೆಂದೇ ಮಾಡಿದ ಸಾಮಾನು ಕಡಿಮೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಇದ್ದ ಡಬ್ಬಿಗೆ ಕೈಹಾಕಿದ್ದು ಸಹಜ.

ಬ್ಲೀಚ್ ಕೆಲಸ ಮಾಡುವ ರೀತಿ ತಿಳಿದರೆ ಬಳಸುವ ರೀತಿಯೂ ತಾನಾಗಿ ಗೊತ್ತಾಗುತ್ತದೆ. ಡಬ್ಬಿಯಲ್ಲಿರುವುದು ಸೋಡಿಯಂ ಹೈಪೊಕ್ಲೋರೈಟ್. ಅದು ಕೆಡದಿರಲೆಂದು ತೀರಾ ಕ್ಷಾರವಾಗಿ, ಪಿಎಚ್ 11ಕ್ಕೂ ಮೇಲೆ ಇಟ್ಟಿರುತ್ತಾರೆ. ನೀರಿಗೆ ಹಾಕಿದಾಗ ಪಿಎಚ್ ಇಳಿದು, ಒಂದು ಭಾಗ ಹೈಪೊಕ್ಲೋರಸ್ ಆಮ್ಲವಾಗುತ್ತದೆ. ಸೂಕ್ಷ್ಮಜೀವಿಗಳ ಗೋಡೆ ದಾಟಿ ಒಳಹೊಕ್ಕು ಕೊಲ್ಲುವುದರಲ್ಲಿ ಅದು ಹೈಪೊಕ್ಲೋರೈಟಿಗಿಂತ ಹತ್ತಾರು ಪಟ್ಟು ಚುರುಕು. ಆದರೆ ಅದಕ್ಕೆ ಸೂಕ್ಷ್ಮಜೀವಿ ಯಾವುದು, ಹಳೆಯ ಬಿಯರಿನ ಕೊಳೆ ಯಾವುದು ಎಂಬ ಭೇದವಿಲ್ಲ. ಎದುರು ಸಿಕ್ಕ ಕೊಳೆಯ ಮೇಲೆಯೇ ಶಕ್ತಿ ಕಳೆದುಕೊಳ್ಳುತ್ತದೆ. ಕೊಳೆ ತೆಗೆಯದೆ ಬ್ಲೀಚ್ ಹಾಕುವುದು ಸ್ನಾನ ಮಾಡದೆ ಮಡಿ ಉಟ್ಟಂತೆ.

ಕೊಳೆ ಎಲ್ಲಿರುತ್ತದೆ ಎಂದು ನೋಡಬೇಕಾದರೆ ಪ್ಲಾಸ್ಟಿಕ್ ಬಕೆಟ್ಟಿನ ಕೆಳಗಿರುವ ನಲ್ಲಿಯನ್ನು ಪೂರ್ತಿ ಬಿಚ್ಚಿ. ಹೊರಗಿನಿಂದ ಫಳಫಳ ಹೊಳೆಯುತ್ತಿರುತ್ತದೆ. ರಬ್ಬರ್ ವಾಷರನ್ನು ಉಗುರಿನಿಂದ ಎಬ್ಬಿಸಿದರೆ ಅದರ ಹಿಂದೆ ಕಂದು ಲೋಳೆಯ ಉಂಗುರ, ಮರೆಯ ತಿರುಪಿನ ಸಂದಿನಲ್ಲಿ ಹಿಂದಿನ ಸಲದ ಯೀಸ್ಟಿನ ಕೆಸರು. ಬೆರಳಿಗೆ ಹತ್ತಿಸಿ ಮೂಸಿದರೆ ಹುಳಿ ನಾತ. ನೀವು ಬಿಯರನ್ನು ಬಾಟಲಿಗೆ ಇಳಿಸುವಾಗ ಅಷ್ಟೂ ಬಿಯರು ಈ ಉಂಗುರವನ್ನು ತೊಳೆದುಕೊಂಡೇ ಹೋಗುತ್ತದೆ. ಜೋಡಿಸಿದ ನಲ್ಲಿಯನ್ನು ಬ್ಲೀಚ್ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟರೂ ವಾಷರಿನ ಹಿಂದಕ್ಕೆ ಅದು ತಲುಪುವುದಿಲ್ಲ. ಗಾಜಿನ ಪಾತ್ರೆಯಾದರೆ ಕುತ್ತಿಗೆಯ ಒಳಗೆ ನೊರೆ ಒಣಗಿ ಕೂತ ಪಟ್ಟಿ ನೋಡಿ. ಇವನ್ನೆಲ್ಲ ಬಿಸಿನೀರು, ಬ್ರಷ್ಷು, ವಾಸನೆಯಿಲ್ಲದ ಪೆರ್ಕಾರ್ಬನೇಟ್ ಪುಡಿಯಿಂದ ಬಿಡಿಸಿ ತೊಳೆದ ಮೇಲೆಯೇ ಬ್ಲೀಚಿನ ಸರದಿ.

ಬ್ಲೀಚ್ ಕೊಳ್ಳುವಾಗ ಲೇಬಲ್ ಓದಿ. ಸುಗಂಧ ಸೇರಿಸಿದ್ದು ಬೇಡ. ಸಿಡಿಯದಂತೆ ಮಂದವಾಗಿಸಿದ್ದೂ ಬೇಡ; ಅದರಲ್ಲಿ ಜಿಗುಟು ವಸ್ತು ಸೇರಿರುತ್ತದೆ, ತೊಳೆದರೆ ಬೇಗ ಬಿಡುವುದಿಲ್ಲ. ಬಣ್ಣದ ಬಟ್ಟೆಗೆಂದು ಮಾರುವುದು ಬಹುಪಾಲು ಪೆರಾಕ್ಸೈಡ್, ಅದು ಬೇರೆಯೇ ವಸ್ತು. ಬರೀ ಸೋಡಿಯಂ ಹೈಪೊಕ್ಲೋರೈಟ್ ಮತ್ತು ಅದರ ಶೇಕಡಾವಾರು ನಮೂದಾಗಿರುವ ಸಾದಾ ಬ್ಲೀಚ್ ಸಾಕು. ಹಳೆಯ ಪುಸ್ತಕಗಳ ಅಳತೆಗಳು ಶೇ 5.25ರ ಬ್ಲೀಚಿಗೆ ಬರೆದವು. ಈಗ ಅಮೆರಿಕದ ಅಂಗಡಿಗಳಲ್ಲಿ ಶೇ 7.5, ಶೇ 8.25ರ ಗಟ್ಟಿ ಬ್ಲೀಚೂ ಸಿಗುತ್ತದೆ. ಹಳೆಯ ಅಳತೆಯಲ್ಲೇ ಸುರಿದರೆ ಒಂದೂವರೆ ಪಟ್ಟು ಹೆಚ್ಚಾಗಬಹುದು. ನೆನಪಿಡಲು ಸುಲಭದ ಸೂತ್ರ: 20ನ್ನು ಲೇಬಲ್ಲಿನ ಶೇಕಡಾವಾರಿನಿಂದ ಭಾಗಿಸಿ. ಬಂದಷ್ಟು ಮಿಲಿಲೀಟರ್ ಬ್ಲೀಚನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ ಸುಮಾರು 200 ಮಿಲಿಗ್ರಾಂ ಕ್ಲೋರಿನ್ನಿನ ನೀರಾಗುತ್ತದೆ. ಶೇ 5ಕ್ಕೆ 4 ಮಿ.ಲೀ., ಶೇ 7.5ಕ್ಕೆ 2.7 ಮಿ.ಲೀ. ಡಬ್ಬಿ ಬಿಸಿಲಿನಲ್ಲೋ ಸೆಕೆಯಲ್ಲೋ ತಿಂಗಳುಗಟ್ಟಲೆ ಇದ್ದದ್ದಾದರೆ ಈ ಲೆಕ್ಕ ನಂಬಬೇಡಿ; ಬ್ಲೀಚಿನ ಸತ್ವ ಇಳಿಯುತ್ತಾ ಹೋಗುತ್ತದೆ.

ಮೊದಲು ಪಾತ್ರೆಗೆ ತಣ್ಣೀರು, ಆಮೇಲೆ ಅಳೆದ ಬ್ಲೀಚು. ಬಿಸಿನೀರು ಬೇಡ, ಬ್ಲೀಚ್ ಬೇಗ ಕೆಡುತ್ತದೆ, ಘಾಟೂ ಏಳುತ್ತದೆ. ಸಾಮಾನು ಪೂರ್ತಿ ಮುಳುಗಿರಲಿ, ಕೊಳವೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳದಿರಲಿ. 20 ನಿಮಿಷ ಧಾರಾಳವಾಯಿತು. ನಂತರ ನೀರು ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ಕುಲುಕಿ ಚೆಲ್ಲಿ. ಆ ನೀರಿಗೂ ಚಿಟಿಕೆ ಕ್ಯಾಂಪ್ಡನ್ ಪುಡಿ ಹಾಕಿದರೆ ಅಳಿದುಳಿದ ಕ್ಲೋರಿನ್ನೂ ಹೋಗುತ್ತದೆ. ನಲ್ಲಿ ನೀರಿನಲ್ಲೇ ತೊಳೆಯುವವರು ಬಹಳ ಮಂದಿ ಇದ್ದಾರೆ, ನಗರದ ನೀರಾದರೆ ಬಹಳ ಸಲ ಏನೂ ಆಗುವುದಿಲ್ಲ. ಬಾವಿ ನೀರು, ಟ್ಯಾಂಕಿನಲ್ಲಿ ನಿಂತ ನೀರು ಆದರೆ ಈಗಷ್ಟೇ ಕೊಂದ ಜೀವಿಗಳನ್ನು ಮತ್ತೆ ಮನೆಗೆ ಕರೆದಂತಾದೀತು.

ಬ್ಲೀಚಿಗೆ ಎಲ್ಲ ಪಾತ್ರೆಯೂ ಒಗ್ಗದು. ಗಾಜಿಗೆ ಅಡ್ಡಿಯಿಲ್ಲ. ಸ್ಟೀಲಿಗೆ ಕಷ್ಟ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿಂದ. ಬ್ಲೀಚು, ಅದರಿಂದ ಬರುವ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ಕೊರೆದು ಸೂಜಿಮೊನೆಯಂಥ ಗುಳಿ ಮಾಡುತ್ತವೆ. ರಾತ್ರಿಯಿಡೀ ನೆನೆಸಿಟ್ಟ ಕೆಗ್ (ಬಿಯರ್ ತುಂಬುವ ಸ್ಟೀಲ್ ಪೀಪಾಯಿ) ಬೆಳಗ್ಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಗುಳಿ ಕಾಣಿಸುವುದು ಆಮೇಲೆ. ಅಲ್ಯೂಮಿನಿಯಂ, ತಾಮ್ರಕ್ಕೂ ಬ್ಲೀಚ್ ತಾಗಿಸಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಯಾವ ಸ್ಯಾನಿಟೈಸರೂ ಪೂರ್ತಿ ಶುದ್ಧ ಮಾಡಲಾರದು, ಅದನ್ನು ಬೇರೆ ಕೆಲಸಕ್ಕೆ ಹಚ್ಚಿ. ವೈನ್ ಮಾಡುವ ಯೋಚನೆಯಿದ್ದರೆ ಮರ ಮತ್ತು ಬೆಂಡಿನ ಬಿರಡೆಗಳ ಹತ್ತಿರಕ್ಕೂ ಬ್ಲೀಚ್ ತರಬೇಡಿ. ಅಲ್ಲಿ ಹುಟ್ಟುವ ಕ್ಲೋರೊಫೀನಾಲನ್ನು ಬೂಷ್ಟು ಟ್ರೈಕ್ಲೋರೊಅನಿಸೋಲ್ ಎಂಬ ವಸ್ತುವಾಗಿ ಬದಲಿಸುತ್ತದೆ. ಒದ್ದೆ ರಟ್ಟಿನ ಆ ಮುಗ್ಗಲು ವಾಸನೆ ಲೀಟರಿಗೆ ಕೆಲವೇ ನ್ಯಾನೊಗ್ರಾಮಿನಲ್ಲೂ ವೈನನ್ನು ಕೆಡಿಸುತ್ತದೆ.

ಇನ್ನೊಂದು ವಿಷಯ ರುಚಿಯದಲ್ಲ, ಪ್ರಾಣದ್ದು. ಬ್ಲೀಚನ್ನು ಯಾವ ಆಮ್ಲದ ಜೊತೆಗೂ, ಅಮೋನಿಯ ಇರುವ ಯಾವ ಕ್ಲೀನರಿನ ಜೊತೆಗೂ ಬೆರೆಸಬೇಡಿ. ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಅಮೋನಿಯ ಸೇರಿದರೆ ಕ್ಲೋರಮೈನಿನ ವಿಷಗಾಳಿ. ಬಿಯರಿನವರಲ್ಲಿ ಒಂದು ಕೈಮದ್ದು ಓಡಾಡುತ್ತದೆ: ಬ್ಲೀಚ್ ನೀರಿಗೆ ತುಸು ವಿನೆಗರ್ ಹಾಕಿದರೆ ಪಿಎಚ್ ಇಳಿದು ಹೈಪೊಕ್ಲೋರಸ್ ಆಮ್ಲ ಹೆಚ್ಚುತ್ತದೆ, ಕಡಿಮೆ ಬ್ಲೀಚಿನಲ್ಲೇ ಕೆಲಸವಾಗುತ್ತದೆ, ತೊಳೆಯಲೂ ಬೇಕಿಲ್ಲ ಎಂದು. ಅದರ ರಸಾಯನ ಸರಿಯೇ. ಆದರೆ ಅದಕ್ಕೆ 19 ಲೀಟರ್ ನೀರಿಗೆ 30 ಮಿ.ಲೀ. ಬ್ಲೀಚನ್ನು ಮೊದಲು ಪೂರ್ತಿ ಕಲಸಿ, ಆಮೇಲೆ ಬೇರೆಯಾಗಿ ವಿನೆಗರ್ ಹಾಕಬೇಕು. ಅವಸರದಲ್ಲಿ ಎರಡನ್ನೂ ಒಂದೇ ಅಳತೆ ಲೋಟಕ್ಕೆ ಸುರಿದರೆ ಅನಿಲ ಮುಖಕ್ಕೇ ಹೊಡೆಯುತ್ತದೆ. ಇಷ್ಟು ಸಣ್ಣ ಲಾಭಕ್ಕೆ ಆ ಅಪಾಯ ಬೇಡವೆಂಬುದು ನನ್ನ ಅಭಿಪ್ರಾಯ. ಊರಿನಲ್ಲಿ ಇದನ್ನು ಓದುತ್ತಿರುವವರಿಗೂ ಈ ಮಾತು ಅನ್ವಯ. ನಮ್ಮ ಮನೆಗಳ ಟಾಯ್ಲೆಟ್ ಕ್ಲೀನರುಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೆ ಆ್ಯಸಿಡ್ ಸುರಿಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಬ್ಲೀಚ್ ಬಿಡಬೇಕೆ ಎಂದು ಕೇಳಿದ್ದಿರಿ. ದುಡ್ಡಿನ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ್ದು ಇಲ್ಲ. ಆದರೆ ಉಳಿಸಿದ ದುಡ್ಡನ್ನು ನೀರು ಕುದಿಸಿ, ಆರಿಸಿ, ನಲವತ್ತೈವತ್ತು ಬಾಟಲಿಗಳನ್ನು ಮತ್ತೆ ಮತ್ತೆ ತೊಳೆಯುವುದರಲ್ಲಿ ತೀರಿಸುತ್ತೀರಿ. ಫಾಸ್ಫರಿಕ್ ಆಮ್ಲ ಮುಖ್ಯವಾಗಿರುವ ಸ್ಟಾರ್ ಸ್ಯಾನ್‌ನಂಥ ದ್ರಾವಣವನ್ನು 19 ಲೀಟರಿಗೆ 30 ಮಿ.ಲೀ. ಹಾಕಿದರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ತೊಳೆಯಬೇಕಿಲ್ಲ, ಸ್ವಲ್ಪ ನೊರೆ ಉಳಿದರೂ ಬಿಯರ್ ಕೆಡದು. ಅಯೋಡಿನ್ ಆಧಾರದ ಅಯೊಡೊಫೋರ್ ಲೀಟರಿಗೆ 12.5 ಮಿಲಿಗ್ರಾಂ ಅಯೋಡಿನ್ನಿನಷ್ಟು ತೆಳುವಾಗಿದ್ದರೂ ಸಾಕು. ಪ್ಲಾಸ್ಟಿಕ್ಕಿಗೆ ಕಂದು ಬಣ್ಣ ಹಿಡಿಯುತ್ತದೆ ಅಷ್ಟೆ. ಸ್ಟೀಲ್ ಪಾತ್ರೆ, ಕೆಗ್, ಬಾಟಲಿಗಳಿಗೆ ಇವೆರಡರಲ್ಲೊಂದನ್ನು ಇಟ್ಟುಕೊಳ್ಳಿ. ಬೂಷ್ಟು ಹಿಡಿದ ಗಾಜಿನ ಪಾತ್ರೆ, ಕಸಿನ್ ಕೊಟ್ಟ ಹಳೆಯ ಬಾಟಲಿಗಳಂಥ ಅನುಮಾನದ ಸಾಮಾನಿಗೆ ಬ್ಲೀಚ್ ಈಗಲೂ ಗಟ್ಟಿ ಕೈ. ಯಾವುದೇ ಆದರೂ, ಆಮ್ಲದ ಸ್ಯಾನಿಟೈಸರನ್ನೂ ಬ್ಲೀಚನ್ನೂ ಒಂದೇ ಬಕೆಟ್ಟಿಗೆ ತರಬೇಡಿ.

ಇದನ್ನು ಓದಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿಯರ್ ಮಾಡಲು ಹೊರಡುವವರಿಗೆ ಒಂದು ಮಾತು: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಯೊಳಗಾದರೂ ಸರಿ.

ಪೋರ್ಟ್‌ಲ್ಯಾಂಡಿನ ಗೆಳೆಯರೇ, ಮುಂದಿನ ಸಲ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಡಿ. ಬ್ಲೀಚು, ತೊಳೆಯುವ ಕ್ರಮ, ಮಾಲ್ಟು, ಯೀಸ್ಟು ಎಲ್ಲ ಈಗಿರುವಂತೆಯೇ ಇರಲಿ; ಬಿಯರಿನ ನೀರಿಗೆ ಕಾಲು ಮಾತ್ರೆ ಕ್ಯಾಂಪ್ಡನ್ ಮಾತ್ರ ಸೇರಿಸಿ. ವಾಸನೆ ಹೋದರೆ ಬ್ಲೀಚ್ ನಿರಪರಾಧಿ. ಹೋಗದಿದ್ದರೆ ಅದರ ಮುಂದಿನ ಸಲ ಸ್ಯಾನಿಟೈಸರ್ ಬದಲಿಸಿ, ನಲ್ಲಿಯ ವಾಷರನ್ನೂ ಹೊಸದು ಹಾಕಿ.